ಎಣ್ಣಿ ಹೊಡೆಯದ ದ್ರಾಕ್ಷಿಯ ವೈನು

ನಾನು ಡೊಂಬಿವಲಿಗೆ ಬಂದ ಹೊಸತರ ಮಾತು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಬೆಂಗಳೂರಿನ ಹುಡುಗನೊಬ್ಬ ಕೂರುತ್ತಿದ್ದ. ಇಡೀ ಆಫೀಸಿಗೆ ಕನ್ನಡದವರು ಅಂದರೆ ನಾವಿಬ್ಬರೇ. ಒಂದು ದಿನ ಊರಿಗೆ ಎಸ್‌ಟಿಡಿ ಮಾಡಿ ಬಂದವನನ್ನು "ಎಲ್ಲಾ ಆರಾಮಾ? ಅಣ್ಣ ಏನ್ಮಾಡ್ತಿದಾರೆ?" ಅಂತ ಕೇಳಿದ. "ಏನಿಲ್ಲ, ಮುಂಜಾನಿ ಆರಕ್ಕೇ ಎದ್ದು ಎಣ್ಣಿ ಹೊಡ್ಯಾಕತ್ಯಾನಂತ. ಈ ವಾರದಾಗ ಇದು ಮೂರನೇ ಸಲ" ಅಂದೆ.

ಪಾಪ, ಅವನ ಮುಖ ಸಣ್ಣದಾಯಿತು. ಸುತ್ತ ನೋಡಿ, ದನಿ ತಗ್ಗಿಸಿ, "ಮನೇಲಿ ದೊಡ್ಡೋರು ಯಾರೂ ಬುದ್ಧಿ ಹೇಳಲ್ವಾ?" ಅಂದ.

ಬೆಂಗಳೂರಿನಲ್ಲಿ ಎಣ್ಣೆ ಹೊಡೆಯುವುದು ಅಂದರೆ ಕುಡಿಯುವುದು. ನಮ್ಮ ವಿಜಯಪುರದ ಕಡೆ ಎಣ್ಣಿ ಹೊಡೆಯುವುದು ಅಂದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಬೆಳೆಗೆ ಔಷಧ ಸಿಂಪಡಿಸುವುದು. ಈ ಕಥೆಯನ್ನು ಮೂವತ್ತು ವರ್ಷಗಳಿಂದ ಎಲ್ಲರಿಗೂ ಹೇಳಿ ನಗಿಸುತ್ತ ಬಂದಿದ್ದೇನೆ. ಆದರೆ ಕಳೆದ ಆಷಾಢದಲ್ಲಿ ನಾಸಿಕದ ಹತ್ತಿರ, ದಿಂಡೋರಿಯ ಕಡೆಯ ಒಂದು ಸಣ್ಣ ಸಾವಯವ ದ್ರಾಕ್ಷಿ ತೋಟದಲ್ಲಿ, ಬೆಂಗಳೂರಿನ ಎಣ್ಣೆ ಮತ್ತು ವಿಜಯಪುರದ ಎಣ್ಣಿ ಎರಡೂ ಒಂದೇ ಗ್ಲಾಸಿನ ಮುಂದೆ ಎದುರಾದವು. ಆವತ್ತಿನಿಂದ ತಲೆಯಲ್ಲಿ ಕೊರೆಯುತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು, ಸಾವಯವ ವೈನ್ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದು ಶುದ್ಧ ಸುಳ್ಳು. ಎರಡು, ಆದರೂ ವೈನ್ ಕುಡಿಯುವವರು ನಾಲ್ಕು ಕಾಸು ಹೆಚ್ಚು ಕೊಟ್ಟು ಅದನ್ನೇ ಕೊಳ್ಳಬೇಕು. ಇದೇನು ಎಡವಟ್ಟು ಮಾತು ಅಂತೀರಾ? ಸ್ವಲ್ಪ ತಾಳಿ.

ನಮ್ಮದು ತಿಕೋಟಾ ಕಡೆಯ ಹಳ್ಳಿ. ಅಪ್ಪನ ಕಾಲದಲ್ಲಿ ಜೋಳ, ಕಡಲೆ. ಅಣ್ಣನ ಕಾಲಕ್ಕೆ ಬೋರು ಬಂತು, ಡ್ರಿಪ್ ಬಂತು, ದ್ರಾಕ್ಷಿ ಬಂತು. ಈಗ ನಾಲ್ಕೆಕರೆ ಥಾಮ್ಸನ್ ಸೀಡ್‌ಲೆಸ್ ಇದೆ. ಒಳ್ಳೆ ರೇಟು ಸಿಕ್ಕರೆ ಹಣ್ಣು, ಸಿಗದಿದ್ದರೆ ಒಣಗಿಸಿ ಮಣೂಕ. ಕುಡಿತದ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲಿ ಅದರ ಹೆಸರೆತ್ತುವ ಹಾಗಿರಲಿಲ್ಲ. ಊರ ಸಾರಾಯಿ ಅಂಗಡಿ ಎಷ್ಟು ಮನೆಗಳನ್ನು ನುಂಗಿತು ಅಂತ ಅವ್ವ ಬೆರಳು ಮಡಚಿ ಎಣಿಸುತ್ತಿದ್ದಳು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಊರಿಂದ ಫೋನ್ ಮಾಡಿ ಹೇಳಿದವಳೂ ಅವಳೇ. ಅಂಥ ಮನೆಯವನು ನಾನು. ಮುಂಬೈಯ ಆಫೀಸ್ ಪಾರ್ಟಿಗಳಲ್ಲಿ ಗ್ಲಾಸು ಹಿಡಿಯುವುದನ್ನು ಕಲಿತೆ. ನಲವತ್ತು ದಾಟಿದ ಮೇಲೆ ವಾರಕ್ಕೊಮ್ಮೆ ಅರ್ಧ ಗ್ಲಾಸು ವೈನ್ ಅಂತ ರೂಢಿಯಾಯಿತು. ಊರಿಗೆ ಹೋದಾಗ ಅದೂ ಇಲ್ಲ. ಅಣ್ಣನಿಗೆ ಗೊತ್ತು, ಆದರೆ ಕೇಳುವುದಿಲ್ಲ. ನಾನೂ ಹೇಳುವುದಿಲ್ಲ.

ಕಳೆದ ಜುಲೈಯಲ್ಲಿ ಅಣ್ಣ ಬಂದಿದ್ದ, ವೈನಿಯೇ ಜಗಳವಾಡಿ ಕಳಿಸಿದ್ದರು. ಎರಡು ವರ್ಷದಿಂದ ಅಂಗೈ, ಮುಂಗೈಯ ಚರ್ಮ ಬಿರುಕು ಬಿಟ್ಟು ಸಿಪ್ಪೆ ಏಳುತ್ತಿತ್ತು. ಎಣ್ಣಿ ಹೊಡೆದ ರಾತ್ರಿ ಊಟ ಸೇರುವುದಿಲ್ಲ, ತಲೆ ತಿರುಗುತ್ತದೆ, ಉಸಿರಿಗೆ ಎದೆ ಬಿಗಿಯುತ್ತದೆ. ಇಲ್ಲಿ ಡಾಕ್ಟರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದು ಕೆಲಸ ಏನು ಅಂತ. ದ್ರಾಕ್ಷಿ ತೋಟ ಅಂದ. ಔಷಧ ಕಲಸುವಾಗ ಕೈಗವಸು ಹಾಕುತ್ತೀರಾ, ಮುಖಕ್ಕೆ ಮಾಸ್ಕ್? ಅಣ್ಣ ನಕ್ಕ. ಮಾರ್ಚಿ ತಿಂಗಳ ಬಿಸಿಲಲ್ಲಿ ಯಾರು ಹಾಕಿಕೊಳ್ಳುತ್ತಾರೆ ಅಂದ. ಡಾಕ್ಟರು ಎಣ್ಣಿಯಿಂದಲೇ ಹೀಗಾಗಿದೆ ಅಂತ ಬರೆದುಕೊಡಲಿಲ್ಲ. ಮುಲಾಮು ಬರೆದರು. ಇನ್ನು ಬರಿಗೈಯಲ್ಲಿ ಔಷಧ ಮುಟ್ಟಬೇಡಿ ಅಂತ ಎರಡು ಸಲ ಹೇಳಿದರು, ಅಷ್ಟೇ.

ರಾತ್ರಿ ಅಣ್ಣ ತನ್ನ ಡೈರಿ ತೆಗೆದು ತೋರಿಸಿದ. ಒಮ್ಮೆ ರಫ್ತಿನವರಿಗೆ ಹಣ್ಣು ಕೊಡುವಾಗ ಯಾವ ದಿನ ಏನು ಹೊಡೆದೆ ಅಂತ ಬರೆದಿಡಬೇಕಿತ್ತು. ಆಮೇಲೆ ಅದೇ ಚಟವಾಗಿದೆ. ಅಕ್ಟೋಬರ್ ಚಾಟ್ನಿಯಿಂದ ಕಟಾವಿನ ತನಕ ಎಣಿಸಿದೆ. ಅರವತ್ತರ ಮೇಲೆ. ಡೌನಿಗೆ ಒಂದು, ಬೂದಿ ರೋಗಕ್ಕೆ ಒಂದು, ಥ್ರಿಪ್ಸಿಗೆ ಒಂದು, ಕಾಯಿ ದಪ್ಪಾಗಲು ಇನ್ನೊಂದು. ಮಳೆ ಹನಿದರೆ ರಾತ್ರಿ ಹತ್ತಕ್ಕೂ ಹೋಗಿ ಹೊಡೆಯಬೇಕು, ಬೆಳಗಾದರೆ ತಡ.

ಮರುದಿನ ನಾನೇ ಅಂದೆ, "ನಡಿ, ನಾಸಿಕಕ್ಕ ಹೋಗಿ ಬರೂಣು. ಎಣ್ಣಿ ಹೊಡೀದ ದ್ರಾಕ್ಷಿ ಬೆಳಿಯೋರು ಒಬ್ರು ಅದಾರಂತ." ವೈನ್ ವಿಷಯ ಹೇಳಲಿಲ್ಲ. ಅಲ್ಲಿಗೆ ಹೋದ ಮೇಲೆ ತಾನೇ ಗೊತ್ತಾಗುತ್ತದೆ ಅಂತ.

ಕಲ್ಯಾಣದಲ್ಲಿ ತಪೋವನ ಎಕ್ಸ್‌ಪ್ರೆಸ್ ಹತ್ತಿದೆವು. ಕಸಾರಾ ಘಾಟಿನಲ್ಲಿ ಮಂಜು, ಇಗತಪುರಿಯಲ್ಲಿ ವಡಾಪಾವ್. ನಾಸಿಕ ರೋಡಿನಲ್ಲಿ ಇಳಿದು ರಿಕ್ಷಾ ಹಿಡಿದು, ಮತ್ತೆ ಜೀಪು ಹಿಡಿದು ತೋಟ ಮುಟ್ಟಿದಾಗ ಹನ್ನೊಂದು ಗಂಟೆ, ಸಣ್ಣ ಜಿಟಿಜಿಟಿ ಮಳೆ. ಆರೆಕರೆ ತೋಟ. ಮೂಲೆಯಲ್ಲಿ ತಗಡಿನ ಶೆಡ್ಡು, ಒಳಗೆ ನಾಲ್ಕು ಸ್ಟೀಲ್ ಟ್ಯಾಂಕು. ಅದೇ ವೈನರಿ. ಯಜಮಾನರು ನನಗಿಂತ ಚಿಕ್ಕವರು, ಮೊದಲು ನಮ್ಮಣ್ಣನ ಹಾಗೆಯೇ ತಿನ್ನುವ ದ್ರಾಕ್ಷಿ ಬೆಳೆಯುತ್ತಿದ್ದವರು. ನಾನು ಶೆಡ್ಡಿನ ಕಡೆ ಹೊರಟರೆ ಅಣ್ಣ ಚಪ್ಪಲಿ ಬಿಟ್ಟು ಸೀದಾ ಸಾಲಿನೊಳಗೆ ನುಗ್ಗಿದ.

ದ್ರಾಕ್ಷಿ ಬೆಳೆಯುವವನು ತೋಟ ನೋಡುವ ರೀತಿಯೇ ಬೇರೆ. ಅಣ್ಣ ಗೊನೆ ಹುಡುಕಲಿಲ್ಲ, ಆ ಕಾಲಕ್ಕೆ ಗೊನೆ ಇರುವುದೂ ಇಲ್ಲ. ಎಲೆ ತಿರುವಿ ಹಾಕಿ ಹಾಕಿ ನೋಡಿದ. ಡೌನಿ ಬಂದರೆ ಎಲೆಯ ಕೆಳಮೈಯಲ್ಲಿ ಹತ್ತಿಯ ಹಾಗೆ ಬಿಳಿ ಬೂಜು ಕೂರುತ್ತದೆ. ಐದು ನಿಮಿಷದಲ್ಲಿ ಒಂದು ಎಲೆ ಕಿತ್ತು ತಂದು ಯಜಮಾನರ ಮುಂದೆ ಹಿಡಿದ. "ಐತಲ್ರೀ ಇಲ್ಲಿ!" ಅಂತ ಮರಾಠಿಯಲ್ಲಿ. ಕಳ್ಳನನ್ನು ಹಿಡಿದ ಖುಷಿ.

ಅವರು ನಕ್ಕರು. "ಇದೆ ದಾದಾ. ಮಳೆಗಾಲದಲ್ಲಿ ಸ್ವಲ್ಪ ಅದಕ್ಕೆ, ಉಳಿದದ್ದು ನನಗೆ" ಅಂದರು. ಆಮೇಲೆ ಇಬ್ಬರೂ ಮಣ್ಣು ಕೆದರಿ ಕೂತರು. ಸಾಲಿನ ನಡುವೆ ಸೆಣಬು ಬಿತ್ತಿದ್ದರು, ಹೂ ಬರುವ ಮುನ್ನ ಅಲ್ಲಿಯೇ ಮುರಿದು ಹಾಕುತ್ತಾರಂತೆ.

ಸಾವಯವ ಅಂದರೆ ಏನೂ ಹೊಡೆಯುವುದಿಲ್ಲ ಅಂತ ನಾವು ಪೇಟೆಯವರು ತಿಳಿದಿದ್ದೇವೆ. ಅದು ತಪ್ಪು. ಅವರೂ ಹೊಡೆಯುತ್ತಾರೆ: ಗಂಧಕ, ಬೇವಿನೆಣ್ಣೆ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ. ಮಲೆನಾಡಿನ ಅಡಿಕೆ ತೋಟದವರಿಗೆ ಈ ಬೋರ್ಡೋ ಹೊಸದೇನಲ್ಲ, ಕೊಳೆರೋಗಕ್ಕೆ ಹೊಡೆಯುವುದು ಅದನ್ನೇ. ಅದರ ಕಥೆಯೂ ಮಜವಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಅಂತ ರಸ್ತೆಯ ಬದಿಯ ಬಳ್ಳಿಗಳಿಗೆ ಈ ನೀಲಿ ಬಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಡೌನಿ ಬಂದಿಲ್ಲ ಅನ್ನುವುದನ್ನು ಮಿಲಾರ್ದೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ 1885ರಲ್ಲಿ ಪ್ರಕಟಿಸಿದ. ಕಳ್ಳರ ಹೆದರಿಕೆಗೆ ಹಚ್ಚಿದ್ದು ರೋಗಕ್ಕೆ ಮದ್ದಾಯಿತು. ಆದರೆ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಕರಗುವುದಿಲ್ಲ. ಅದಕ್ಕೇ ಯುರೋಪಿನಲ್ಲಿ ಈಗ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅಂದರೆ ಸಾವಯವವೂ ಪೂರ್ತಿ ನಿಷ್ಪಾಪಿಯಲ್ಲ. ಇದನ್ನು ಯಜಮಾನರೇ ಒಪ್ಪಿಕೊಂಡರು, ನನಗೆ ಅವರ ಮೇಲೆ ನಂಬಿಕೆ ಬಂದದ್ದು ಅಲ್ಲಿಯೇ.

ಹಾಗಾದರೆ ವ್ಯತ್ಯಾಸ ಏನು? ಅಣ್ಣ ಕೇಳಿದ ಪ್ರಶ್ನೆಯಿಂದ ನನಗೆ ತಿಳಿಯಿತು. "ಪೇಸ್ಟಿಂಗ್ ಮಾಡ್ತೀರೇನು?" ಅಂತ ಕೇಳಿದ. ನಮ್ಮ ಸೆಕೆ ನಾಡಿನಲ್ಲಿ ದ್ರಾಕ್ಷಿ ಬಳ್ಳಿ ಯುರೋಪಿನ ಹಾಗೆ ಚಳಿಗಾಲದಲ್ಲಿ ನಿದ್ದೆ ಹೋಗುವುದಿಲ್ಲ. ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಸವರುವಿಕೆ. ಏಪ್ರಿಲಿನದು ಕಡ್ಡಿಗೆ, ಅಕ್ಟೋಬರಿನದು ಕಾಯಿಗೆ. ಅಕ್ಟೋಬರಿನಲ್ಲಿ ಸವರಿದ ಮೇಲೆ ಎಲ್ಲ ಕಣ್ಣೂ ಒಟ್ಟಿಗೆ ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಅನ್ನುವ ರಾಸಾಯನಿಕವನ್ನು ಕಡ್ಡಿಗೆ ಬಳಿಯುತ್ತಾರೆ. ಬಟ್ಟೆ ಅದ್ದಿ ಕೈಯಲ್ಲೇ ಒಂದೊಂದು ಕಡ್ಡಿಗೂ ಹಚ್ಚುವ ಕೆಲಸ, ಕೂಲಿಯವರದು. ಸಾವಯವದಲ್ಲಿ ಅದಕ್ಕೆ ಅವಕಾಶವಿಲ್ಲ. ಇದರ ಒಂದು ಗುಣ ಕೇಳಿ. ಇದು ಮೈಗೆ ಸೇರಿದವನು ಅದರ ಆಸುಪಾಸು ಮದ್ಯ ಕುಡಿದರೆ ಮುಖ ಕೆಂಪಗಾಗಿ, ವಾಂತಿ ಬಂದು, ಎದೆ ಹೊಡೆದುಕೊಂಡು ಒದ್ದಾಡುತ್ತಾನೆ. ಮೈ ಮದ್ಯವನ್ನು ಅರಗಿಸುವ ದಾರಿಯನ್ನೇ ಅದು ಕಟ್ಟಿಬಿಡುತ್ತದೆ. ವೈನ್ ದ್ರಾಕ್ಷಿಗೂ ಇದನ್ನು ಬಳಿಯುತ್ತಾರೆ. ಬಳಿದವನು ಆ ದಿನಗಳಲ್ಲಿ ಒಂದು ಗುಟುಕು ಕುಡಿದರೂ ಅಪಾಯ. ನಾವು ಮಾತ್ರ ಇಲ್ಲಿ ಗ್ಲಾಸು ತಿರುಗಿಸಿ ಮೂಸುತ್ತೇವೆ.

ಈಗ ಆ ಗ್ಲಾಸಿನ ವಿಷಯ. ಶೆಡ್ಡಿನಲ್ಲಿ ಒಂದು ಹಲಗೆ, ಎರಡು ಸ್ಟೂಲು. ನಾನು ಮನೆಯಿಂದ ಕಟ್ಟಿಸಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆ. ಯಜಮಾನರು ಆ ವರ್ಷದ ಫೆಬ್ರುವರಿಯಲ್ಲಿ ಕಿತ್ತ ಶೆನಿನ್ ಬ್ಲಾಂಕ್ ದ್ರಾಕ್ಷಿಯ ಬಿಳಿ ವೈನನ್ನು ಫ್ರಿಜ್ಜಿನಿಂದ ತೆಗೆದು ಸುರಿದರು. "ಇದು ಡ್ರೈ" ಅಂದರು. ಅಣ್ಣ ನನ್ನ ಮುಖ ನೋಡಿದ. "ನೀರಿನಂಗ ಐತಿ, ಒಣಾ ಅಂತಾರಲ್ಲೋ ತಮ್ಮಾ?" ಅಂದ. ಮುಂಬೈಯಲ್ಲಿ ಡ್ರೈ ಡೇ ಅಂದರೆ ಹೆಂಡದಂಗಡಿ ಬಾಗಿಲು ಹಾಕುವ ದಿನ ಅಂತಷ್ಟೇ ಅವನಿಗೆ ಗೊತ್ತು.

ಡ್ರೈ ಅಂದರೆ ಸಿಹಿ ಇಲ್ಲದ್ದು, ಅಷ್ಟೇ. ದ್ರಾಕ್ಷಿ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹೋದರೆ ಶೇಕಡಾ 1ರಷ್ಟು ಆಲ್ಕೋಹಾಲ್. ನಡುವೆ ನಿಲ್ಲಿಸಿದರೆ ಸಿಹಿ ಉಳಿಯುತ್ತದೆ, ಪೂರ್ತಿ ತಿನ್ನಲು ಬಿಟ್ಟರೆ ಡ್ರೈ. ಯುರೋಪಿನ ಲೆಕ್ಕದಲ್ಲಿ ಲೀಟರಿಗೆ 4 ಗ್ರಾಂ ಒಳಗಿದ್ದರೆ ಡ್ರೈ. ನಾವು ಕುಡಿಯುವ ಕೋಲಾದಲ್ಲಿ ಲೀಟರಿಗೆ ನೂರು ಗ್ರಾಂ ಮೇಲೆಯೇ ಇರುತ್ತದೆ. ಬಿಳಿ ವೈನಿಗೆ ದ್ರಾಕ್ಷಿಯನ್ನು ತಣ್ಣಗಿರುವಾಗಲೇ ಕಿತ್ತು, ಹಿಂಡಿ, ಸಿಪ್ಪೆ ತೆಗೆದು, ರಸವನ್ನಷ್ಟೇ ತಂಪಾದ ಟ್ಯಾಂಕಿನಲ್ಲಿ ಹುದುಗಲು ಬಿಡುತ್ತಾರೆ.

ನನಗೆ ವೈನ್ ಪಂಡಿತರ ಭಾಷೆ ಬರುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಬಣ್ಣ ಒಣಹುಲ್ಲಿನದು, ಅಂಚಿಗೆ ಚೂರು ಹಸಿರು. ಮೂಗಿಗೆ ಮೊದಲು ಬಂದದ್ದು ಅರೆಗಾಯಿ ಪೇರಲ, ಹಿಂದೆಯೇ ನಿಂಬೆ ಸಿಪ್ಪೆ. ಬಾಯಿಗೆ ಹಾಕಿದಾಗ ಮೊದಲು ಏನೂ ಇಲ್ಲ ಅನ್ನಿಸಿತು. ಆಮೇಲೆ ಹುಣಸೆ ಚಿಗುರು ಅಗಿದಾಗ ದವಡೆಯ ಮೂಲೆಯಲ್ಲಿ ನೀರೂರುತ್ತದಲ್ಲ, ಆ ಹುಳಿ. ಕೊನೆಗೆ ಸಣ್ಣ ಕಹಿ, ಪೇರಲದ ಬೀಜದ ಹತ್ತಿರದ್ದು. ಒಂದು ಗುಟುಕಿಗೆ ನನಗೂ ಹಿಡಿಸಲಿಲ್ಲ. ಆದರೆ ರೊಟ್ಟಿ, ಶೇಂಗಾ ಹಿಂಡಿ ತಿಂದು ಇನ್ನೊಂದು ಗುಟುಕು ಕುಡಿದಾಗ ಆ ಹುಳಿ ಶೇಂಗಾದ ಜಿಡ್ಡನ್ನು ಒರೆಸಿ ಹಾಕಿತು. ಊಟದ ಜೊತೆ ಮಜ್ಜಿಗೆ ಮಾಡುವ ಕೆಲಸವನ್ನು ಇದೂ ಮಾಡುತ್ತದೆ ಅನ್ನಿಸಿತು.

"ಸ್ವಲ್ಪ ಸಿಹಿ ಉಳಿಸಿದರೆ ಇನ್ನೂ ಬೇಗ ಮಾರಾಟವಾಗುವುದಿಲ್ಲವೇ?" ಅಂತ ಕೇಳಿದೆ. ಹೌದಂತೆ. ನಮ್ಮ ಜನಕ್ಕೆ ಸಿಹಿಯೇ ಬೇಕು. ಆದರೆ ಸಿಹಿ ಬಿಟ್ಟರೆ ದ್ರಾಕ್ಷಿಯ ತಪ್ಪು ಮುಚ್ಚಿಹೋಗುತ್ತದೆ, ತನಗೆ ಅದು ಬೇಡ ಅಂದರು. ಸಪ್ಪೆ ದ್ರಾಕ್ಷಿ ಬೆಳೆದರೆ ಡ್ರೈ ವೈನು ಮೊದಲ ಗುಟುಕಿಗೇ ಹೇಳಿಬಿಡುತ್ತದಂತೆ.

ಹಾಗಂತ ಸಾವಯವವಾದ್ದರಿಂದಲೇ ಈ ರುಚಿ ಅಂತ ನಾನು ಹೇಳಲಾರೆ. ಕಣ್ಣು ಕಟ್ಟಿ ಹತ್ತು ಗ್ಲಾಸು ಇಟ್ಟರೆ ಸಾವಯವದ್ದು ಯಾವುದು ಅಂತ ಗುರುತಿಸುವುದು ನನ್ನಿಂದಾಗದು. ಅದು ಹೊಲದ ಮಾತು, ನಾಲಿಗೆಯ ಮಾತಲ್ಲ. ಅದನ್ನು ತೋರಿಸುವುದಕ್ಕೆ ಒಂದು ಮುದ್ರೆ ಇದೆ. ನಮ್ಮಲ್ಲಿ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ 2001ರಲ್ಲಿ ಬಂತು. ಅದರ ಪ್ರಕಾರ ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ರಾಸಾಯನಿಕ ಬಿಟ್ಟಿರಬೇಕು, ಆಮೇಲಷ್ಟೇ ಸರ್ಟಿಫಿಕೇಟು. ಆ ಮೂರು ವರ್ಷ ಇಳುವರಿ ಸಾವಯವದ್ದು, ರೇಟು ಮಾಮೂಲಿನದು. "ಆ ಮೂರು ವರ್ಷ ಹೆಂಡತಿಯ ಒಡವೆಯಿಂದ ತೋಟ ನಡೆಯಿತು" ಅಂದರು ಯಜಮಾನರು. ಅಣ್ಣ ತಲೆ ಅಲ್ಲಾಡಿಸಿದ, ಅವನಿಗೆ ಹೆಚ್ಚು ವಿವರಿಸಬೇಕಿರಲಿಲ್ಲ.

ಇನ್ನು ಆರೋಗ್ಯದ ಮಾತು. ನಮ್ಮ ಸೊಸೈಟಿಯಲ್ಲಿ ಒಬ್ಬರಿದ್ದಾರೆ, ಸಾವಯವ ವೈನ್ ಕುಡಿದರೆ ಹೃದಯಕ್ಕೆ ಒಳ್ಳೆಯದು, ತಲೆನೋವೂ ಬರುವುದಿಲ್ಲ ಅಂತ ಎಲ್ಲರಿಗೂ ಬೋಧನೆ ಮಾಡುತ್ತಿರುತ್ತಾರೆ. ಸ್ವಾಮಿ, ಆಲ್ಕೋಹಾಲಿಗೆ ಸಾವಯವ, ರಾಸಾಯನಿಕ ಅಂತ ಭೇದವಿಲ್ಲ. ಮದ್ಯ ಕ್ಯಾನ್ಸರ್‌ಕಾರಕ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಇಷ್ಟು ಕುಡಿದರೆ ಸುರಕ್ಷಿತ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಗಂಧಕದ ಸಲ್ಫೈಟ್ ಸ್ವಲ್ಪ ಕಡಿಮೆ ಇರಬಹುದು, ನಿಜ. ಯುರೋಪಿನಲ್ಲಿ ಸಕ್ಕರೆ 2 ಗ್ರಾಂಗಿಂತ ಕಡಿಮೆ ಇರುವ ಸಾವಯವ ಬಿಳಿ ವೈನಿಗೆ ಲೀಟರಿಗೆ 150 ಮಿಲಿಗ್ರಾಂ ಮಿತಿ, ಮಾಮೂಲಿ ವೈನಿಗೆ 200. ಅಷ್ಟರಿಂದ ವೈನು ಕಷಾಯವಾಗುವುದಿಲ್ಲ. ನಾನು ಕುಡಿಯುವುದು ರುಚಿಗೆ. ಔಷಧಕ್ಕೆ ಅಂತ ನನಗೆ ನಾನೇ ಸುಳ್ಳು ಹೇಳಿಕೊಳ್ಳಲಾರೆ. ಇದನ್ನು ಓದಿ ಯಾರಾದರೂ ಹೊಸದಾಗಿ ಕುಡಿಯಲು ಶುರು ಮಾಡಿದರೆ ಅವ್ವನ ಶಾಪ ನನಗೆ ತಟ್ಟೀತು.

ಹಾಗಿದ್ದರೆ ಸಾವಯವದ ಲಾಭ ಯಾರಿಗೆ? ಕುಡಿಯುವವನಿಗಲ್ಲ. ಬಳ್ಳಿಯ ಕೆಳಗೆ ನಡೆಯುವವನಿಗೆ.

2010ರಲ್ಲಿ ನಡೆದದ್ದು ದ್ರಾಕ್ಷಿ ಬೆಳೆಗಾರರಿಗೆ ಇನ್ನೂ ನೆನಪಿದೆ. ಭಾರತದಿಂದ ಯುರೋಪಿಗೆ ಹೋದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡಿನ ಅಂಶ ಮಿತಿ ಮೀರಿದೆ ಅಂತ ಅಲ್ಲಿ ತಡೆದರು. ನಮ್ಮ ರೈತರ ಬಾಯಲ್ಲಿ ಅದು ಸಿಸಿಸಿ, ಬಳ್ಳಿಯ ಬೆಳವಣಿಗೆ ತಡೆಯಲು ಹೊಡೆಯುವುದು. ಆ ವರ್ಷ ಎಷ್ಟೋ ಜನ ಮುಳುಗಿದರು. ಆಮೇಲೆ ಪರೀಕ್ಷೆ ಬಿಗಿಯಾಯಿತು, ಒಳ್ಳೆಯದೇ ಆಯಿತು. ಆದರೆ ನೋಡಿ, ಲಂಡನ್ನಿನ ಮಗುವಿನ ಬಾಯಿಗೆ ಎಷ್ಟು ಹೋಗಬಹುದು ಅಂತ ಅಳೆಯಲು ಲ್ಯಾಬ್ ಇದೆ. ಅದೇ ಔಷಧವನ್ನು ಬಕೆಟ್ಟಿನಲ್ಲಿ ಕಲಸಿ, ಬ್ಲೋವರಿನ ಮಂಜಿನಲ್ಲಿ ತೊಯ್ದು ಕೂರುವ ನಮ್ಮಣ್ಣನ ಮೈಗೆ ಎಷ್ಟು ಹೋಯಿತು ಅಂತ ಅಳೆಯಲು ಇವತ್ತಿನವರೆಗೂ ಯಾರೂ ಬಂದಿಲ್ಲ.

ಅಷ್ಟೇ ಅಲ್ಲ. ನಮ್ಮ ಕಡೆ ಎಣ್ಣಿಗೆ ಇನ್ನೊಂದು ಅರ್ಥವೂ ಇದೆ, ಅದನ್ನು ಹೇಳಿ ನಾನು ಯಾರನ್ನೂ ನಗಿಸಿಲ್ಲ. "ಎಣ್ಣಿ ಕುಡದಾನಂತ" ಅಂತ ಊರಿಂದ ಫೋನ್ ಬಂದರೆ ಅಲ್ಲಿ ಒಂದು ಮನೆ ಮುಳುಗಿತು ಅಂತ ಅರ್ಥ. ಸಾಲದ ಸಂಕಟದ ದಿನ ತೋಟದ ಮನೆಯ ಮೂಲೆಯಲ್ಲಿ ಆ ಡಬ್ಬಿ ಕೈಗೆಟುಕುವ ಹಾಗೆ ಇರುವುದೇ ದೊಡ್ಡ ಅಪಾಯ.

ಈಗ ಲೆಕ್ಕಕ್ಕೆ ಬರೋಣ. ಯಜಮಾನರು ಹಲಗೆಯ ಮೇಲೆಯೇ ಬಳಪದಲ್ಲಿ ಬರೆದು ತೋರಿಸಿದರು. ಒಂದು ಬಾಟಲಿ, ಅಂದರೆ 750 ಮಿಲಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ದ್ರಾಕ್ಷಿ ಬೇಕು. ಕಿಲೋಗೆ 50 ರೂಪಾಯಿ ಅಂತ ಇಟ್ಟುಕೊಳ್ಳಿ. ಎಣ್ಣಿ ಬಿಟ್ಟದ್ದಕ್ಕೆ ಬೆಳೆ ಮೂರನೇ ಒಂದು ಪಾಲು ಕಡಿಮೆ ಬಂತು ಅನ್ನಿ. ರೈತನಿಗೆ ನಷ್ಟ ಆಗಬಾರದು ಅಂದರೆ 75 ಕೊಡಬೇಕು. ಅಂದರೆ ಬಾಟಲಿಗೆ ಹೆಚ್ಚುವರಿ 25, ಬಿಡಿ, 30 ರೂಪಾಯಿ. ನಾನು ಆ ಬಾಟಲಿಗೆ ಕೊಟ್ಟದ್ದು ಸಾವಿರದ ಮೇಲೆ. ಉಳಿದದ್ದು ಗಾಜು, ಲೈಸೆನ್ಸು, ಕರೆಂಟು, ಸಾಗಾಟ, ಅಂಗಡಿಯ ಕಮಿಷನ್ನು. ಒಬ್ಬ ಮನುಷ್ಯನ ಕೈ ಚರ್ಮ ಉಳಿಸುವ ಬೆಲೆ ಬಾಟಲಿಯ ಲೆಕ್ಕದಲ್ಲಿ ಒಂದು ಕಟಿಂಗ್ ಚಹಾ, ಒಂದು ವಡಾಪಾವ್ ಅಷ್ಟೇ.

ತಿನ್ನುವ ದ್ರಾಕ್ಷಿಯಲ್ಲಿ ಈ ಲೆಕ್ಕ ಕೂಡುವುದಿಲ್ಲ. ಅಲ್ಲಿ 50ರ ಮೇಲೆ 25 ಅಂದರೆ ಅರ್ಧಕ್ಕರ್ಧ. ಮೇಲಾಗಿ ನಾವು ಡೊಂಬಿವಲಿ ಮಾರ್ಕೆಟ್ಟಿನಲ್ಲಿ ಏನು ಮಾಡುತ್ತೇವೆ? ದಪ್ಪ ಕಾಯಿ, ಒಂದು ಚುಕ್ಕೆ ಇರಬಾರದು, ಹೊಳೆಯಬೇಕು. ಆ ದಪ್ಪಕ್ಕಾಗಿಯೇ ಅಣ್ಣ ಒಂದೊಂದು ಗೊನೆಯನ್ನೂ ಜಿಎ ನೀರಿನ ಮಗ್ಗಿನಲ್ಲಿ ಅದ್ದುವುದು. ಆ ಹೊಳಪಿಗಾಗಿಯೇ ಅರವತ್ತು ಸಲ ಎಣ್ಣಿ. ವೈನಿಗೆ ಈ ಯಾವುದೂ ಬೇಡ. ಕಾಯಿ ಸಣ್ಣದಿದ್ದಷ್ಟೂ ಒಳ್ಳೆಯದು, ಪರಿಮಳ ಇರುವುದೇ ಸಿಪ್ಪೆಯ ಹತ್ತಿರ. ಸಿಪ್ಪೆಯ ಮೇಲೆ ಒಂದು ಚುಕ್ಕೆ ಇದ್ದರೆ ಯಾರಿಗೆ ಕಾಣಬೇಕು? ಇನ್ನೊಂದು ವಿಷಯ. ತಿನ್ನುವ ದ್ರಾಕ್ಷಿಯನ್ನು ನಾವು ಉಪ್ಪುನೀರಿನಲ್ಲಿ ನೆನೆಸಿ ತೊಳೆಯುತ್ತೇವೆ. ವೈನಿನ ದ್ರಾಕ್ಷಿಯನ್ನು ಸಾಮಾನ್ಯವಾಗಿ ತೊಳೆಯುವುದೇ ಇಲ್ಲ, ಕಿತ್ತದ್ದು ಸೀದಾ ಹಿಂಡುವ ಯಂತ್ರಕ್ಕೆ.

ಅದಕ್ಕೇ ನನ್ನ ವಾದ. ಎಣ್ಣಿ ಬಿಡುವ ಕೆಲಸ ಎಲ್ಲಿಂದಾದರೂ ಶುರುವಾಗಬೇಕಾದರೆ ವೈನ್ ದ್ರಾಕ್ಷಿಯಿಂದಲೇ ಆಗಬೇಕು. ಅಂದ ಬೇಕಿಲ್ಲ, ಗಾತ್ರ ಬೇಕಿಲ್ಲ, ಕೊಳ್ಳುವವನ ಜೇಬಿನಲ್ಲಿ ದುಡ್ಡಿದೆ, ಆ ದುಡ್ಡಿನಲ್ಲಿ ದ್ರಾಕ್ಷಿಯ ಪಾಲು ತೀರಾ ಸಣ್ಣದು. ಇಷ್ಟು ಸುಲಭದ ಕಡೆಯೇ ಆಗದಿದ್ದರೆ ಇನ್ನು ಟೊಮೆಟೊ, ಬದನೆಕಾಯಿಯಲ್ಲಿ ಆದೀತೇ?

"ಕುಡಿಯುವುದೇ ತಪ್ಪು, ಅದರಲ್ಲಿ ಸಾವಯವ ಏನು ಬಂತು?" ಅನ್ನುವವರು ಇದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ನೀವು ಕುಡಿಯಬೇಡಿ, ಬಹಳ ಒಳ್ಳೆಯದು. ಆದರೆ ಮಹಾರಾಷ್ಟ್ರದಲ್ಲಿ 2001ರ ನೀತಿ ಬಂದ ಮೇಲೆ, ಕರ್ನಾಟಕದಲ್ಲಿ 2007ರ ವೈನ್ ನೀತಿ ಬಂದ ಮೇಲೆ, ಈ ಬೆಳೆ ಹೊಲಕ್ಕೆ ಬಂದಾಗಿದೆ. ದೊಡ್ಡಬಳ್ಳಾಪುರದ ಹತ್ತಿರ ಕನ್ವಲ್ ಗ್ರೋವರ್ ಅವರು ತೋಟ ಶುರುಮಾಡಿದ್ದು 1988ರಲ್ಲೇ. ನೀವು ಕುಡಿಯದಿದ್ದರೂ ಅಲ್ಲಿ ಬಳ್ಳಿಯ ಕೆಳಗೆ ನಿಂತಿರುವವನು ನಮ್ಮ ನಿಮ್ಮ ಊರಿನವನೇ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ ಸೂಪರ್ ಮಾರ್ಕೆಟ್ಟಿನಲ್ಲಿ ವೈನ್ ಮಾರಲು ಒಪ್ಪಿದಾಗ ದೊಡ್ಡ ಗದ್ದಲವಾಯಿತು. ಒಂದು ಕಡೆಯವರು ರೈತನಿಗೆ ಲಾಭ ಅಂದರು, ಇನ್ನೊಂದು ಕಡೆಯವರು ಜನ ಕುಡುಕರಾಗುತ್ತಾರೆ ಅಂದರು. ಟಿವಿಯಲ್ಲಿ ನಾನು ನೋಡಿದಷ್ಟರಲ್ಲಿ ಆ ರೈತ ಏನು ಹೊಡೆಯುತ್ತಾನೆ, ಅವನ ಕೈ ಹೇಗಿದೆ ಅಂತ ಎರಡೂ ಕಡೆಯವರು ಕೇಳಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಅಣ್ಣ ತುಂಬಾ ಹೊತ್ತು ಸುಮ್ಮನಿದ್ದ. ನಾನು ವೈನ್ ಕುಡಿದದ್ದರ ಬಗ್ಗೆ ಒಂದು ಮಾತಿಲ್ಲ. ಇಗತಪುರಿ ದಾಟಿದ ಮೇಲೆ, "ಆ ಮನಶ್ಯಾ ಶಾಣ್ಯಾ ಅದಾನ. ಆದ್ರ ಅವನ ಬಾಟ್ಲಿ ಲೆಕ್ಕ ನನ್ನ ಹೊಲಕ್ಕ ಬರೂದಿಲ್ಲ" ಅಂದ. ಸೊಸೈಟಿ ಸಾಲವಿದೆ, ಮಗಳ ಮದುವೆಯಿದೆ, ಮೂರು ವರ್ಷ ಕಾಯಲು ಆಗುವುದಿಲ್ಲ. ನಾನು ವಾದ ಮಾಡಲಿಲ್ಲ. ತಿಂಗಳ ಪಗಾರ ತಗೊಂಡು ಬದುಕಿದವನು ಅವನಿಗೆ ಏನು ಹೇಳಲಿ?

ಅಕ್ಟೋಬರಿನಲ್ಲಿ ವೈನಿ ಫೋನ್ ಮಾಡಿದ್ದರು. ನಾನು ಕಳಿಸಿದ ಕೈಗವಸು, ಮಾಸ್ಕು ಹಾಕಿಕೊಳ್ಳುತ್ತಿದ್ದಾನಂತೆ, ಬೈದು ಬೈದು. ಪೇಸ್ಟಿಂಗಿಗೆ ಬಂದ ಕೂಲಿಯವರಿಗೂ ಕೈಗವಸು ಕೊಟ್ಟನಂತೆ. ಸಾಲಿನ ನಡುವೆ ಸೆಣಬು ಬಿತ್ತಿದ್ದಾನೆ. ಎಣ್ಣಿ ಬಿಟ್ಟಿಲ್ಲ. ಇಷ್ಟೇ ಆದದ್ದು.

ಆ ತೋಟದಿಂದ ತಂದ ಎರಡು ಬಾಟಲಿ ಮುಗಿದು ಬಹಳ ದಿನವಾಯಿತು. ಈಗ ಅಂಗಡಿಗೆ ಹೋದರೆ ನಾನು ಮೊದಲು ಬಾಟಲಿಯ ಹಿಂದುಗಡೆ ತಿರುಗಿಸಿ ಸಾವಯವದ ಮುದ್ರೆ ಇದೆಯಾ ಅಂತ ನೋಡುತ್ತೇನೆ. ಇಲ್ಲದಿದ್ದರೆ, ಇಂಥದ್ದು ತರಿಸುತ್ತೀರಾ ಅಂತ ಕೇಳುತ್ತೇನೆ. ಅಂಗಡಿಯವನಿಗೆ ಬೇಸರ ಬಂದಿದೆ, ಬರಲಿ. ಹತ್ತು ಜನ ಕೇಳಿದರೆ ಅವನೂ ಮೇಲಿನವರನ್ನು ಕೇಳುತ್ತಾನೆ. ನಾಸಿಕ, ಪುಣೆ, ಮುಂಬೈಯಲ್ಲಿರುವ ನಮ್ಮವರಲ್ಲಿ ಗ್ಲಾಸು ಹಿಡಿಯುವವರು ಎಷ್ಟು ಮಂದಿ ಇದ್ದೇವೆ ಅಂತ ನಮಗೇ ಗೊತ್ತು, ಸಂಘದ ಸಭೆಯಲ್ಲಿ ಒಪ್ಪಿಕೊಳ್ಳದಿದ್ದರೂ ಪರವಾಗಿಲ್ಲ. ನಮ್ಮಲ್ಲಿ ಬಹಳ ಜನರ ಅಣ್ಣನೋ ತಮ್ಮನೋ ಇನ್ನೂ ಊರಲ್ಲಿ ಹೊಲ ಮಾಡುತ್ತಿದ್ದಾನೆ. ನೀವು ಎಣ್ಣೆ ಹೊಡೆಯುವ ಮುಂಚೆ, ಅಲ್ಲಿ ಎಣ್ಣಿ ಹೊಡೆದವರು ಯಾರು ಅಂತ ಒಂದು ಸಲ ಕೇಳಿ. ಕೇಳುವುದಕ್ಕೆ ದುಡ್ಡು ಬೇಕಿಲ್ಲ.